ಹೇಳಿ ಹೋಗುವ ಮನೆ

೨೦೦೩ರ ಮಾರ್ಚ್, ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಬಸವಕಲ್ಯಾಣದ ಶಾಲೆಯ ಒಂದನೆಯ ತರಗತಿ. ಇದ್ದವರು ಶಿಕ್ಷಕಿ, ಆರು ವರ್ಷದ ನನ್ನ ಮೊಮ್ಮಗಳು, ಬಾಗಿಲಲ್ಲಿ ನಾನು. ವಾರ್ಷಿಕ ಪರೀಕ್ಷೆಯ ನಡುವೆ ಎದ್ದು ಹೊರಗೆ ಓಡಿದ್ದ ಅವಳೊಬ್ಬಳನ್ನೇ ಮತ್ತೊಮ್ಮೆ ಪರೀಕ್ಷೆಗೆ ಕೂರಿಸಿದ್ದರು.

"ಇವತ್ತ ಪೂರಾ ಪೇಪರ್ ಬರದ್ರ ಎರಡನೇತ್ತಕ್ಕ ಕಳಸ್ತೀನ್ರಿ ಕಾಕಾ. ಇಲ್ಲಂದ್ರ ಇನ್ನೊಂದು ವರ್ಷ ಇಲ್ಲೇ," ಎಂದರು ಶಿಕ್ಷಕಿ.

ಹೊರಗೆ ಚಪ್ಪಲಿ ಸದ್ದಾದರೆ ಸಾಕು, ಇವಳ ಪೆನ್ಸಿಲು ನಿಲ್ಲುತ್ತಿತ್ತು. ತುಂಟತನವೆಂದವರು ಬಹಳ. ನಾನು ಒಪ್ಪಲಿಲ್ಲ. ಇವಳು ಕೂಸಾಗಿದ್ದಾಗ ನನ್ನ ಸೊಸೆ ಕಾಯಿಲೆಯಿಂದ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಳು. ಕೂಸು ಕೆಲವು ದಿನ ಹುಮನಾಬಾದಿನ ನಮ್ಮ ಮನೆಯಲ್ಲಿ, ಕೆಲವು ದಿನ ಹುಡಗಿ ಎಂಬ ಊರಿನಲ್ಲಿದ್ದ ಸೋದರತ್ತೆಯ ಹತ್ತಿರ. ಒಂದು ಮಡಿಲು ರೂಢಿಯಾಗುವಷ್ಟರಲ್ಲಿ ಇನ್ನೊಂದು. ಅದರ ಮೇಲೆ ನಮ್ಮ ಕಡೆಯ ಪದ್ಧತಿ: ಮಗು ಅಳಬಾರದೆಂದು ಕಾಗೆ ತೋರಿಸಿ, ಹಿತ್ತಲ ಬಾಗಿಲಿಂದ ಜಾರಿಕೊಳ್ಳುವುದು. ತಾಯಿ ಗುಣವಾಗಿ ಮರಳಿದ ಮೇಲೂ ಮಗುವಿನ ಕಣ್ಣು ಬಾಗಿಲು ಬಿಡಲಿಲ್ಲ.

ನಾನು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು; ನಿವೃತ್ತಿಯ ನಂತರ ಹೆಂಡತಿಯೊಡನೆ ಬಸವಕಲ್ಯಾಣದ ಮಗನ ಮನೆ ಸೇರಿದ್ದೆ. ಬಸ್ಸು ಹೊರಡುವ ಹೊತ್ತನ್ನು ಕೂಗಿ ಹೇಳದಿದ್ದರೆ ಜನ ಬೆಂಚಿನ ಮೇಲೆ ಕೂರುವುದಿಲ್ಲ, ಚೀಲ ಹಿಡಿದು ನಿಂತೇ ಇರುತ್ತಾರೆ. ಇವಳು ಶಾಲೆ ಸೇರಿದೊಡನೆ ಮನೆಯಲ್ಲಿ ಅಪ್ಪಣೆ ಮಾಡಿದೆ: ಯಾರೂ ಕದ್ದು ಹೋಗಕೂಡದು. ಎಲ್ಲಿಗೆ, ಯಾವಾಗ ವಾಪಸು ಎಂದು ಹೇಳಬೇಕು, ಹೇಳಿದ ಹೊತ್ತಿಗೆ ಬರಬೇಕು.

"ಹೇಳಿದ್ರ ಅಳ್ತಾಳಲ್ರೀ. ಇದೇನ್ ಮನಿನೋ, ಬಸ್‌ಸ್ಟ್ಯಾಂಡೋ?" ಎಂದಳು ನನ್ನ ಹೆಂಡತಿ.

"ಅಳ್ಲಿ. ನಮ್ಮ ಮಾರಿ ನೋಡ್ಕೋತ ಅಳ್ಲಿ."

ಮಳೆಗಾಲವಿಡೀ ಅತ್ತಳು. ದೀಪಾವಳಿಯ ಹೊತ್ತಿಗೆ "ಎಷ್ಟೊತ್ತಿಗಿ ಬರ್ತಿ?" ಎಂದು ಕೇಳಿ ಆಟಕ್ಕೆ ತಿರುಗತೊಡಗಿದಳು. ಶಾಲೆಯಲ್ಲಿ ಮಾತ್ರ ಕಣ್ಣು ಇನ್ನೂ ಬಾಗಿಲ ಮೇಲೆಯೇ.

ಅಂದು ಪರೀಕ್ಷೆಯ ಬಾಗಿಲಲ್ಲೂ ಹೇಳಿದೆ: "ಚಹಾ ಕುಡ್ದು ಬರ್ತೀನಿ. ಗಂಟಿ ಹೊಡಿಯೂದ್ರಾಗ ಇಲ್ಲೇ ಇರ್ತೀನಿ."

ಶಿಕ್ಷಕಿ ಗಾಬರಿಯಾದರು. "ಹೋಗಬ್ಯಾಡ್ರಿ ಕಾಕಾ, ಹಿಂದೇ ಓಡ್ತಾಳ!"

ಹೋದೆ. ಬಿಸಿ ಚಹಾ ಗಟಗಟನೆ ಕುಡಿದು ನಾಲಿಗೆ ಸುಟ್ಟುಕೊಂಡು, ಗಂಟೆಗೆ ಮೊದಲೇ ಮರಳಿದೆ. ಮೊಮ್ಮಗಳು ತಲೆ ಬಗ್ಗಿಸಿ ಕೊನೆಯ ಲೆಕ್ಕ ಮಾಡುತ್ತಿದ್ದಳು.

"ಒಮ್ಮಿ ಬಾಗ್ಲ ಕಡಿ ನೋಡಿದ್ಲ್ರಿ," ಎಂದರು ಶಿಕ್ಷಕಿ, ಪೇಪರು ಕೈಗೆತ್ತಿಕೊಂಡು. "'ಮುತ್ಯಾ ಚಹಾ ಕುಡಿಲಾಕ ಹೋಗ್ಯಾನ, ಬರ್ತಾನ' ಅಂದ್ಲು, ಮತ್ತ ಬರಿಲಾಕ ಹತ್ತಿದ್ಲು. ಎರಡನೇತ್ತಕ್ಕ ಹೋಗ್ತಾಳ ತಗೋರಿ!"

ಮೊಮ್ಮಗಳು ನನ್ನ ಮುಖ ನೋಡಿದಳು. "ಮುತ್ಯಾ, ಮೀಸಿಗಿ ಕೆನಿ ಹತ್ಯದ."

ಒರೆಸಿಕೊಳ್ಳದೆಯೇ ಪೇಟೆಯ ನಡುವೆ ಅವಳ ಕೈ ಹಿಡಿದು ನಡೆದೆ.

ಸಂಜೆ ನೆರೆಮನೆಯಿಂದ ಎರಡನೆಯ ತರಗತಿಯ ಹಳೆಯ ಪುಸ್ತಕಗಳನ್ನು ತಂದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊದಿಕೆ ಹಾಕಿದೆ. ಕೊನೆಯದಕ್ಕೆ ಅಂಟು ಹಚ್ಚಿ ಒತ್ತಿ, ಕತ್ತರಿಯನ್ನು ಅದರ ಜಾಗದಲ್ಲಿಟ್ಟೆ.