ಗೊಂಬೆ ಮೆಟ್ಟಿಲ ಕೆಳಗೆ ಕಲ್ಲಿನ ಊರು

ಗೊಂಬೆ ಕೂರಿಸುವ ವಿಷಯದಲ್ಲಿ ನನಗೆ ಜಂಬ ಇತ್ತು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಿಡ್ನಿಯ ಕೆಲ್ಲಿವಿಲ್‌ನಲ್ಲಿದ್ದಾಗ ದಸರೆಗೆ ಐದು ಮೆಟ್ಟಿಲು ಇಡುತ್ತಿದ್ದೆ. ಮೆಲ್ಬರ್ನ್‌ಗೆ ಬಂದು ಪಾಯಿಂಟ್ ಕುಕ್‌ನಲ್ಲಿ ಸ್ವಂತ ಮನೆ ಮಾಡಿದ ಮೇಲೆ ಅದು ಒಂಬತ್ತಾಯಿತು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ಕಳಶ. ಕೆಳಗೆ ದೇವರುಗಳು, ನಡುವೆ ಅರಮನೆ, ದರ್ಬಾರು, ಮದುವೆ ದಿಬ್ಬಣ. ಕೊನೆಗೆ ನೆಲದ ಮೇಲೆ, ರಾಗಿ ಚೆಲ್ಲಿ ಬೆಳೆಸಿದ ಹಸಿರಿನಲ್ಲಿ ಸಂತೆ, ಪಾರ್ಕು, ಝೂ. ಈ ಕ್ರಮವನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಮೈಸೂರಿನಲ್ಲಿ ಅಮ್ಮನಿಗೆ ಗೊಂಬೆ ಎತ್ತಿಕೊಡುತ್ತಾ ಕಲಿತದ್ದು. ಯಾರು ಮೇಲೆ, ಯಾರು ಕೆಳಗೆ ಅಂತ ನನ್ನ ಕೈಗೇ ಗೊತ್ತಿತ್ತು.

ಎದುರು ಮನೆಯಾಕೆ ಜಿಂಬಾಬ್ವೆಯವರು. ವಯಸ್ಸು ಅರವತ್ತರ ಹತ್ತಿರ, ಕೆಲಸ ವಯಸ್ಸಾದವರನ್ನು ನೋಡಿಕೊಳ್ಳುವ ಏಜ್ಡ್ ಕೇರ್‌ನಲ್ಲಿ. ನನ್ನ ಅತ್ತೆ ಇಲ್ಲಿಗೆ ಬಂದು ಹಾಸಿಗೆ ಹಿಡಿದಾಗ, ನೋವಾಗದಂತೆ ಅವರನ್ನು ಎತ್ತಿ ಕೂರಿಸುವುದನ್ನು ತೋರಿಸಿಕೊಟ್ಟವರು ಇವರೇ. ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ಒಂದು ದಿನ ಫೋನಿನಲ್ಲಿ ಫೋಟೋ ತೋರಿಸಿದರು: ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ, ಮೂರು ಆಳಿಗಿಂತ ಎತ್ತರದ ದುಂಡು ಗೋಡೆ, ಒಳಗೊಂದು ಗೋಪುರ. ಅವರ ದೇಶಕ್ಕೆ ಹೆಸರು ಬಂದದ್ದೇ ಅಂಥ ಕಲ್ಲಿನ ಮನೆಗಳಿಂದಂತೆ. ಬಿಳಿಯರ ಆಳ್ವಿಕೆಯ ಕಾಲದಲ್ಲಿ ಅವರ ಶಾಲೆಯಲ್ಲಿ ಇದನ್ನು ಎಲ್ಲಿಂದಲೋ ಬಂದ ಹೊರಗಿನವರು ಕಟ್ಟಿದ್ದು ಎಂದೇ ಹೇಳಿಕೊಡುತ್ತಿದ್ದರಂತೆ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಪ್ರತಿ ಶನಿವಾರ ಕಮ್ಯುನಿಟಿ ಹಾಲ್‌ನಲ್ಲಿ ಆಫ್ರಿಕನ್ ಮಕ್ಕಳನ್ನು ಕೂರಿಸಿಕೊಂಡು ಈ ಕಲ್ಲಿನ ಊರು, ಸುಡಾನಿನ ಪಿರಮಿಡ್ಡುಗಳು, ಇಥಿಯೋಪಿಯಾದಲ್ಲಿ ಬಂಡೆ ಕೊರೆದು ಮಾಡಿದ ಚರ್ಚುಗಳ ಬಗ್ಗೆ ಪಾಠ ಮಾಡುತ್ತಿದ್ದರು.

ಆದರೆ ಅವರ ಹನ್ನೊಂದು ವರ್ಷದ ಮೊಮ್ಮಗಳೇ ಅಜ್ಜಿಯೊಡನೆ ಜಗಳ ತೆಗೆದು ಆ ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದಳು. ಸ್ಕೂಲಿನಲ್ಲಿ ಯಾರೋ, ನಿಮ್ಮವರು ಗುಡಿಸಲು ಬಿಟ್ಟು ಇನ್ನೇನು ಕಟ್ಟಿದ್ದಾರೆ ಅಂದಿದ್ದರಂತೆ.

"ಅಜ್ಜಿ ಸಮಾಧಾನ ಮಾಡೋಕೆ ಕಥೆ ಕಟ್ತಾಳೆ ಅಂದ್ಕೊಂಡಿದ್ದಾಳೆ," ಎಂದರು. "ನಾನು ಹೇಳಿದ್ರೆ ಸಾಲದು. ಬೇರೆಯವರೂ ಅದನ್ನ ದೊಡ್ಡದು ಅಂತ ಒಪ್ಪಿಕೊಂಡಿದ್ದನ್ನ ಅವಳು ಕಣ್ಣಾರೆ ನೋಡಬೇಕು."

"ನನ್ನ ಗೊಂಬೆ ಜೊತೆ ಇಡಿ," ಅಂದುಬಿಟ್ಟೆ. "ನಡುವಿನ ಮೆಟ್ಟಿಲು, ಮೈಸೂರು ಅರಮನೆ ಪಕ್ಕ." ಅವರ ಕಣ್ಣು ತುಂಬಿ ಬಂತು. ನನ್ನ ದೊಡ್ಡತನಕ್ಕೆ ನಾನೇ ಬೀಗಿದೆ.

ಎರಡು ಭಾನುವಾರ ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ಹಲಗೆ ಹಾಕಿಕೊಂಡು, ಉಗುರಿನಷ್ಟು ಉಗುರಿನಷ್ಟು ಕಲ್ಲಿನ ಚೂರು ಜೋಡಿಸಿ ಅವರು ಆ ಗೋಡೆ ಕಟ್ಟಿದರು. ಗೋಂದು ಹಾಕಿದರೆ ಬೇಗ ಆಗುತ್ತಲ್ಲ ಅಂದೆ. ನಮ್ಮವರು ಹಾಕಲಿಲ್ಲವಲ್ಲ ಅಂದರು. ಒಂದು ಸಾಲು ಸೊಟ್ಟಗಾದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದ ದಿನ ನಾನೂ ನಮ್ಮ ಮನೆಯವರೂ ಆ ಹಲಗೆಯನ್ನು ಎತ್ತಿ ಮೆಟ್ಟಿಲ ಮೇಲಿಟ್ಟೆವು. ಮೆಟ್ಟಿಲು ಸ್ವಲ್ಪ ಬಾಗಿತು. ಸಹಾಯಕ್ಕೆಂದು ಮುಂಚೆಯೇ ಬಂದಿದ್ದ ಹಿರಿಯ ಆಂಟಿಯೊಬ್ಬರು ನೋಡಿ, "ಅಯ್ಯೋ, ಇಷ್ಟು ವೇಯ್ಟ್ ಇರೋದನ್ನ ಯಾಕ್ರೀ ಮೇಲಿಡ್ತೀರಾ? ಕೆಳಗಡೆ ಝೂ ಹತ್ರ ಇಡಿ, ಸೂಪರ್ ಆಗಿ ಸೆಟ್ ಆಗತ್ತೆ. ಆಫ್ರಿಕಾ ತಾನೇ, ಹೆಂಗೂ ಪ್ರಾಣಿಗಳಿವೆ," ಅಂದರು.

ಭಾರ ಇದ್ದದ್ದು ನಿಜ. ಮೆಟ್ಟಿಲ ಕೆಳಗೆ ಎರಡು ಡಬ್ಬಿ ಒತ್ತು ಕೊಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಅರಮನೆಗೆ ಹೋದ ವರ್ಷ ಹಾಗೆಯೇ ಕೊಟ್ಟಿದ್ದೆ! ಈ ಸಲ ಅದು ತಲೆಗೇ ಬರಲಿಲ್ಲ. ಕಲ್ಲಿನ ಊರನ್ನು ಇಳಿಸಿ ನೆಲದ ಮೇಲಿಟ್ಟೆವು. ಅಷ್ಟಕ್ಕೇ ಬಿಟ್ಟೆನೇ? ಬಾಗಿಲಿಗೆ ಎರಡು ಪ್ಲಾಸ್ಟಿಕ್ ಸಿಂಹ ನಿಲ್ಲಿಸಿ, ಗೋಡೆಯೊಳಗಿಂದ ಜಿರಾಫೆಯ ಕತ್ತು ಹೊರಗೆ ಕಾಣುವ ಹಾಗಿಟ್ಟೆ. ಆಂಟಿಯ ಮೇಲೆ ಈಗ ತಪ್ಪು ಹೊರಿಸಿ ಏನು ಬಂತು? ಸಿಂಹ ಇಟ್ಟದ್ದು ನನ್ನ ಕೈ. ಚೆನ್ನಾಗಿ ಕಾಣುತ್ತದೆ ಅಂತ ಫೋಟೋ ಬೇರೆ ತೆಗೆದೆ.

ಸಂಜೆ ಎದುರು ಮನೆಯವರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಇಸ್ತ್ರಿ ಮಾಡಿದ ಹಳದಿ ಫ್ರಾಕು ಹಾಕಿಕೊಂಡಿದ್ದಳು. ಅರಮನೆ ಎಲ್ಲಿದೆ ಎಂದು ಹುಡುಕಿ, ಅದರ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ನಾನು ನಗುನಗುತ್ತಾ ಕೆಳಗೆ ಬೆರಳು ತೋರಿಸಿದೆ.

ಅಜ್ಜಿಯನ್ನು ಅವಳು ಕರೆಯುವುದು ಗೋಗೋ ಅಂತ. "ಗೋಗೋ, ಇಟ್ಸ್ ಇನ್ ದ ಝೂ," ಅಂದಳು. ಅಳಲಿಲ್ಲ. ಸೀದಾ ಬಾಗಿಲಿಗೆ ಹೋಗಿ ಷೂ ಹಾಕಿಕೊಳ್ಳತೊಡಗಿದಳು.

ಯಾರೋ ಹಾಡು ಹೇಳುತ್ತಿದ್ದರು, ಹಾಡು ನಿಲ್ಲಲಿಲ್ಲ. ಅಜ್ಜಿ ನೆಲಕ್ಕೆ ಮಂಡಿಯೂರಿ ಸಿಂಹಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು, ಜಿರಾಫೆಯನ್ನೂ. ನಾನು ಭಾರ, ಮೆಟ್ಟಿಲು ಅಂತ ಏನೇನೋ ಬಡಬಡಿಸಿದೆ. ಅವರು ತಲೆಯಾಡಿಸಿದರು. ನಾನು ಕೊಟ್ಟ ತಾಂಬೂಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೊರಟರು. ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಅರಮನೆಯನ್ನು ಕೆಳಗಿಳಿಸಿ, ಒತ್ತು ಕೊಟ್ಟು, ಕಲ್ಲಿನ ಊರನ್ನು ಆ ಜಾಗಕ್ಕೇರಿಸಿದೆ. ಹೋಗಿ ಬಾಗಿಲು ತಟ್ಟಿ, ಕ್ಷಮೆ ಕೇಳಿ, ಮಗುವನ್ನು ಇನ್ನೊಮ್ಮೆ ಕರೆತನ್ನಿ ಎಂದು ಬೇಡಿಕೊಂಡೆ. ಅವಳು ಬರುವುದಿಲ್ಲವಂತೆ. ಉಳಿದ ದಿನಗಳಲ್ಲಿ ಬಂದವರೆಲ್ಲ ಅದನ್ನು ನೋಡಿ ಹೊಗಳಿದರು. ಯಾರಿಗೆ ಬೇಕಿತ್ತು ಆ ಹೊಗಳಿಕೆ? ನೋಡಬೇಕಾಗಿದ್ದವಳು ಎದುರು ಮನೆಯಲ್ಲಿ ಪರದೆ ಎಳೆದುಕೊಂಡು ಕೂತಿದ್ದಳು.

ಹಬ್ಬ ಮುಗಿದ ಮೇಲೆ ಎದುರು ಮನೆಯವರು ಬಕೆಟ್ ತಂದು ಕಲ್ಲುಗಳನ್ನು ಬಿಚ್ಚತೊಡಗಿದರು. ನಾನೂ ಕೈ ಹಾಕಿದೆ. ಮೇಲಿನ ಸಾಲಿನಿಂದ ಒಂದೊಂದೇ ಕಲ್ಲು. ಕೊನೆಗೆ, ಮೊಮ್ಮಗಳು ಇನ್ನೂ ಜಗಳ ತೆಗೆಯುತ್ತಾಳಾ, ನಂಬುವುದಿಲ್ಲ ಅನ್ನುತ್ತಾಳಾ ಎಂದು ಕೇಳಿದೆ.

"ಇಲ್ಲ," ಎಂದರು. "ಈಗ ಜಗಳವೇ ಇಲ್ಲ. ನಾನು ಏನು ಹೇಳಿದ್ರೂ, ಹೌದು ಗೋಗೋ, ನಾವೇ ಕಟ್ಟಿದ್ದು ಅಂತಾಳೆ. ಕೈ ಹಿಡಿದುಕೊಂಡು ಹೇಳ್ತಾಳೆ. ನನಗೆ ಬೇಜಾರಾಗಬಾರದು ಅಂತ."