ಈಸಿಚೇರಿನ ಸರದಿ

ಬೀದಿಯವರಿಗೆಲ್ಲ ಅವರು ಸೂಜಿಯಮ್ಮ. ಅವರ ಮನೆಯಲ್ಲಿ ಬಟ್ಟೆಗೆ ಸಾವಿಲ್ಲ. ಗಂಡನ ಅಂಗಿಯ ಕಾಲರು ಸವೆದರೆ ಬಿಚ್ಚಿ, ತಿರುಗಿಸಿ ಹೊಲಿದು ಇನ್ನಷ್ಟು ದಿನ ಓಡಿಸುತ್ತಿದ್ದರು. ಆಮೇಲೆ ಆ ಅಂಗಿ ಮೊಮ್ಮಗಳ ಫ್ರಾಕು, ಫ್ರಾಕು ಬಿಗಿಯಾದ ಮೇಲೆ ದಿಂಬಿನ ಚೀಲ, ಕೊನೆಗೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ.

"ನಾನು ತೊಟ್ಟ ಅಂಗೀಲಿ ಬಾಣಲೆ ಹಿಡೀತೀಯಲ್ಲೇ!" ಎಂದು ಗಂಡ ರೇಗಿದರೆ, "ನಿಮ್ಮ ಅಂಗಿಯಾದ್ರೂ ಅಡುಗೆಮನೆಗೆ ಬಂತಲ್ಲ ರೀ" ಎನ್ನುತ್ತಿದ್ದರು.

ಇದೆಲ್ಲ ನಡೆಯುತ್ತಿದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟು ಪ್ಯಾಸೇಜಿನಲ್ಲಿ. ಹೊಲಿಗೆ ಮಿಷನ್ನು ಇದ್ದದ್ದು ಅಲ್ಲೇ. ಯಾರಾದರೂ ಬಚ್ಚಲಿಗೆ ಹೊರಟರೆ ಸೂಜಿಯಮ್ಮ ಕಾಲು ಒಳಗೆಳೆದುಕೊಂಡು ದಾರಿ ಬಿಡಬೇಕು. ಹೋಗುವವರು ಸುಮ್ಮನೆ ಹೋಗುವುದೂ ಇಲ್ಲ. "ಅತ್ತೆ, ಹಾಲು ಉಕ್ಕುತ್ತಾ ನೋಡಿ." "ಅಜ್ಜಿ, ಟವೆಲ್ ಕೊಡು." ಮನೆಗಿದ್ದ ಒಂದೇ ಒಳ್ಳೆಯ ಕಿಟಕಿ ಮುಂದಿನ ಕೋಣೆಯಲ್ಲಿ. ಅದರಡಿ ಗಂಡನ ಈಸಿಚೇರು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಿಂದ ನಿವೃತ್ತರಾದ ಯಜಮಾನರು ಅಲ್ಲಿ ಕೂತು ಪೇಪರ್ ಓದುತ್ತಿದ್ದರು. ಓದಿ ಮುಗಿದ ಮೇಲೆ ಅದೇ ಪೇಪರನ್ನು ಮುಖದ ಮೇಲೆ ಹಾಕಿಕೊಂಡು, ಬೆಳಕಿಗೆ ಅಡ್ಡ ಮಾಡಿ ನಿದ್ದೆ ಹೊಡೆಯುತ್ತಿದ್ದರು.

ಮಿಷನ್ನನ್ನು ಕಿಟಕಿಯ ಹತ್ತಿರ ಇಟ್ಟುಕೊಳ್ಳಲೇ ಎಂದು ಸೂಜಿಯಮ್ಮ ಕೇಳಿದ್ದುಂಟು. "ಬಂದೋರೆದುರು ಚಿಂದಿ ಹರಡ್ಕೊಂಡು ಕೂರ್ತೀಯಾ? ನಿನಗೇನು, ಕಣ್ಮುಚ್ಕೊಂಡೂ ಹೊಲೀತೀಯ" ಎಂದು ಯಜಮಾನರು ಹೊಗಳಿಯೇ ಬಾಯಿ ಮುಚ್ಚಿಸಿದ್ದರು.

ಆ ಹೊಗಳಿಕೆ ಒಂದು ದಿನ ಕೈಕೊಟ್ಟಿತು. ಸೊಸೆಯ ಆಫೀಸಿನ ಕಪ್ಪು ಪ್ಯಾಂಟಿಗೆ ಸೂಜಿಯಮ್ಮ ಕಡುನೀಲಿ ದಾರದಲ್ಲಿ ಹೊಲಿಗೆ ಹಾಕಿಬಿಟ್ಟರು. ಪ್ಯಾಸೇಜಿನ ಮಬ್ಬಿನಲ್ಲಿ ಎರಡೂ ಒಂದೇ. ಆಫೀಸಿನಲ್ಲಿ ಯಾರೋ ನೋಡಿ ನಕ್ಕರಂತೆ. ಸೊಸೆಯೂ ನಗುತ್ತಲೇ ಹೇಳಿದಳು. ಯಜಮಾನರು ಮಾತ್ರ ತೀರ್ಪು ಕೊಟ್ಟರು: "ವಯಸ್ಸಾಯ್ತು ಕಣೇ. ಹಳೇ ಸಾಮಾನಿನೋನು ಬರಲಿ, ಮಿಷನ್ನ ಕೊಟ್ಬಿಡೋಣ. ಹರಿದಿದ್ದನ್ನ ಎಸೆಯೋದು, ಹೊಸದು ತರೋದು. ಎಲ್ರೂ ಮಾಡೋದು ಹಾಗೇ."

"ನನ್ನ ಕಣ್ಣು ಚೆನ್ನಾಗೇ ಇದೆ. ಆ ಜಾಗದಲ್ಲಿ ಬೆಳಕಿಲ್ಲ" ಎಂದರು ಸೂಜಿಯಮ್ಮ. ಯಜಮಾನರು ಪೇಪರನ್ನು ಮುಖದ ಮೇಲೆ ಎಳೆದುಕೊಂಡರು. ಮಿಷನ್ನು ಹೋದರೆ ತಮ್ಮ ಕೈಗಳನ್ನು ಎಲ್ಲಿಡುವುದೆಂದು ಸೂಜಿಯಮ್ಮನಿಗೆ ತೋಚಲಿಲ್ಲ.

ಹಳೇ ಸಾಮಾನಿನವನಿಗಿಂತ ಮೊದಲು ಈಸಿಚೇರು ಕೈಕೊಟ್ಟಿತು. ಒಳ್ಳೆ ನಿದ್ದೆಯಲ್ಲಿದ್ದ ಯಜಮಾನರು ಪರ್ರೆಂಬ ಸದ್ದಿನೊಂದಿಗೆ ನೆಲಕ್ಕಿಳಿದರು. ಮೊಮ್ಮಗಳು ಚಪ್ಪಾಳೆ ತಟ್ಟಿ, "ತಾತಾ, ಇನ್ನೊಂದ್ಸಲ!" ಎಂದಳು.

ಸೊಂಟ ಹಿಡಿದುಕೊಂಡೇ ಅವರು ಹರಿದ ಕ್ಯಾನ್ವಾಸನ್ನು ತಂದರು. "ತಗೋ, ಬೇಗ ಹೊಲಿದ್ಕೊಡು."

"ಬುಟ್ಟಿಗೆ ಹಾಕಿ. ಸರದಿ ಬಂದಾಗ ಮಾಡ್ತೀನಿ."

"ಸರದಿಯಾ? ಅಲ್ಲೀತನಕ ನಾನು ಕೂರೋದೆಲ್ಲಿ?"

"ನೀವೇ ಮಾಡಿದ ಕಾನೂನಲ್ವಾ?"

ನಿಜಕ್ಕೂ ಅವರದೇ. ಹಿಂದೊಮ್ಮೆ ತಮ್ಮ ಪ್ಯಾಂಟಿಗಿಂತ ಮೊದಲು ಪಕ್ಕದ ಮನೆಯ ಪರದೆ ಹೊಲಿದದ್ದಕ್ಕೆ ಸಿಡಿಮಿಡಿಗೊಂಡು, "ಸಾಲು ಅಂದ್ರೆ ಸಾಲು. ಮಂತ್ರಿ ಬಂದ್ರೂ ನಾನು ಹಿಂದೆ ನಿಲ್ಲಿಸ್ತಿದ್ದೆ" ಎಂದು ಕೌಂಟರಿನ ಗತ್ತಿನಲ್ಲಿ ಆಜ್ಞೆ ಮಾಡಿದ್ದರು. ಈಗ ಬುಟ್ಟಿಯಲ್ಲಿ ಸೊಸೆಯ ಆ ಕಪ್ಪು ಪ್ಯಾಂಟು, ಮಗನ ಗುಂಡಿ ಹೋದ ಅಂಗಿಗಳು, ಸೊಸೆಯ ಇಸ್ತ್ರಿ ಸುಟ್ಟ ಬಿಳಿ ಅಂಗಿ, ನಡುಭಾಗ ಸವೆದ ಹಾಸಿಗೆ ಹಾಸುಗಳು ತುಂಬಿ ತುಳುಕುತ್ತಿದ್ದವು. ಕ್ಯಾನ್ವಾಸು ಎಲ್ಲಕ್ಕಿಂತ ಹಿಂದೆ.

ಜೀವನವಿಡೀ ಸಾಲು ಕಾಪಾಡಿದ ಮನುಷ್ಯನಿಗೆ ನಡುವೆ ನುಗ್ಗುತ್ತೇನೆ ಎನ್ನಲು ಬಾಯಿ ಬರಲಿಲ್ಲ. "ಸ್ವಲ್ಪ ಬೇಗ ಬೇಗ ಮಾಡು" ಎಂದರು.

"ಬೆಳಕಿದ್ರೆ ಬೇಗ ಆಗುತ್ತೆ. ಕಿಟಕಿ ಹೇಗೂ ಖಾಲಿ ಬಿದ್ದಿದೆ. ಮಿಷನ್ನಿನ ಆ ಕಡೆ ಹಿಡೀರಿ."

ಅವರೇ ಹಿಡಿದರು.

ಕಿಟಕಿಯ ಬಳಿ ಸೂಜಿಯಮ್ಮನ ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣು ಹೊಕ್ಕಿತು. ಮೊದಲು ಸೊಸೆಯ ಪ್ಯಾಂಟಿನ ನೀಲಿ ಹೊಲಿಗೆ ಬಿಚ್ಚಿ ಕಪ್ಪು ಹಾಕಿದರು. ಹಾಸುಗಳನ್ನು ಉದ್ದಕ್ಕೆ ಕತ್ತರಿಸಿ, ಗಟ್ಟಿಯಿದ್ದ ಅಂಚುಗಳನ್ನು ನಡುವೆ ತಂದು ಜೋಡಿಸಿದರು. ಬಿಳಿ ಅಂಗಿಯ ಸುಟ್ಟ ಕಲೆಯ ಮೇಲೆ ಕೆಂಪು ಎಲೆಯಾಕಾರದ ತೇಪೆ ಕೂರಿಸಿ, ಪಕ್ಕದಲ್ಲಿ ಸುಮ್ಮನೆ ಇನ್ನೊಂದು ಎಲೆ ಇಟ್ಟರು. ಅಂದು ಆಫೀಸಿನಲ್ಲಿ ಪ್ಯಾಂಟು ನೋಡಿ ನಕ್ಕವಳೇ ಈಗ ಆ ಅಂಗಿ ಎಲ್ಲಿ ಸಿಗುತ್ತದೆಂದು ಕೇಳಿದಳಂತೆ.

ಯಜಮಾನರಿಗೆ ಉಳಿದದ್ದು ಪ್ಯಾಸೇಜಿನ ಸ್ಟೂಲು. ಪೇಪರು ಬಿಡಿಸಿದರೆ ಎರಡೂ ಗೋಡೆಗೆ ತಾಗುತ್ತಿತ್ತು. "ಮಾವ, ಹಾಲು ಉಕ್ಕುತ್ತಾ ನೋಡಿ." "ತಾತಾ, ಟವೆಲ್ಲು!" ಮೊದಲ ದಿನ ಹಾಲು ಉಕ್ಕಿಯೇ ಹೋಯಿತು. ಒಲೆ ಒರೆಸುವ ಕೆಲಸವೂ ಅವರ ಪಾಲಿಗೇ ಬಂತು.

"ಇಲ್ಲಿ ಒಂದು ನಿಮಿಷ ನೆಮ್ಮದಿ ಇಲ್ವಲ್ಲೇ!"

"ಹೌದಾ? ನಿಮಗೆ ಅಭ್ಯಾಸ ಇಲ್ಲ. ಆಗುತ್ತೆ ಬಿಡಿ."

ಸಾಲು ಬೇಗ ಕರಗಲೆಂದು ಯಜಮಾನರು ಮಗನನ್ನು ಹಿಡಿದು ಕೂರಿಸಿದರು. "ನಿನ್ನ ಗುಂಡಿ ನೀನೇ ಹೊಲ್ಕೊಳ್ಳೋ. ನಿಮ್ಮಮ್ಮನೇ ಆಗ್ಬೇಕಾ?" ಕಿಟಕಿಯ ಬಳಿ ಸೂಜಿಯಮ್ಮ ತುಟಿ ಕಚ್ಚಿ ನಗು ತಡೆದರು.

ಕೊನೆಗೆ ಕ್ಯಾನ್ವಾಸಿನ ಸರದಿ ಬಂತು. ಮುಟ್ಟಿದರೆ ಹರಿಯುವಂತಿದ್ದ ಅದನ್ನು ಬದಿಗಿಟ್ಟು, ಸೂಜಿಯಮ್ಮ ಗಂಡನ ಕೌಂಟರಿನ ಕಾಲದ ಖಾಕಿ ಪ್ಯಾಂಟುಗಳನ್ನು ಬಿಚ್ಚಿ, ಕಾಲುಗಳನ್ನು ಜೋಡಿಸಿ ದಪ್ಪಗೆ ಹೊಲಿದರು. ಜೇಬುಗಳನ್ನು ಹಾಗೆಯೇ ಉಳಿಸಿ ಪಕ್ಕಕ್ಕೆ ಕೂರಿಸಿದರು. ಒಂದು ಕನ್ನಡಕಕ್ಕೆ, ಒಂದು ಪೇಪರಿಗೆ. ಯಜಮಾನರು ಜೇಬಿಗೆ ಕೈ ಹಾಕಿ ತೆಗೆದು, ಮತ್ತೆ ಹಾಕಿ, "ಇದು ನನ್ನ ಚಿಲ್ಲರೆ ಜೇಬು ಕಣೇ!" ಎಂದು ಬೀಗಿದರು.

ಅಷ್ಟರಲ್ಲಿ ಬೀದಿಯಲ್ಲಿ ಹಳೇ ಸಾಮಾನಿನವನ ಕೂಗು.

"ಕರೀಲಾ ಮಾವ? ಮಿಷನ್ನ ಕೊಡ್ಬೇಕು ಅಂದಿದ್ರಲ್ಲ" ಎಂದಳು ಸೊಸೆ, ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು.

ಯಜಮಾನರು ಓಡಿಹೋಗಿ ಬಾಗಿಲಲ್ಲೇ ನಿಂತರು. "ಏನೂ ಇಲ್ಲಪ್ಪಾ, ಮುಂದಕ್ಕೆ ಹೋಗು!" ಒಳಗೆ ಬಂದು ಈಸಿಚೇರನ್ನು ಎತ್ತಿಕೊಂಡು ಕಿಟಕಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಅಲ್ಲ ಕಣೇ... ಈಗ ಇದನ್ನ ಎಲ್ಲಿ ಹಾಕೋದು?"

ಸೂಜಿಯಮ್ಮ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಸಾಲಲ್ಲಿ ಬನ್ನಿ ರೀ. ನನ್ನ ಸರದಿ ಈಗ ತಾನೇ ಬಂದಿದೆ."

ಯಜಮಾನರು ಕುರ್ಚಿಯನ್ನು ಮಿಷನ್ನಿನ ಹಿಂದೆ, ಉಳಿದ ಬೆಳಕು ಬೀಳುವ ಕಡೆ ಬಿಡಿಸಿ ಹಾಕಿ ಕೂತರು. ಪೇಪರು ಇನ್ನೂ ಕುರ್ಚಿಯ ಜೇಬಿನಲ್ಲೇ ಇತ್ತು, ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ, "ಹಾಲೂ!" ಎಂದು ಕೂಗಿದಳು. ಯಾರನ್ನೂ ಹೆಸರಿಸಿ ಕರೆದಿರಲಿಲ್ಲ. ಎದ್ದವರು ಯಜಮಾನರೇ.