ಅರವತ್ತೆರಡನೇ ಸೆಂಟಿಮೀಟರಿನ ಗುಲಾಬಿ ಚಿಪ್ಪು

ಚಿಪ್ಪಕ್ಕನಿಗೆ ಯಾವುದರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಹಾಲಿನ ಪೊಟ್ಟಣದ ಮೇಲಿನ ತಾರೀಖನ್ನು ಬೆರಳಲ್ಲಿ ಉಜ್ಜಿ, ಅದು ಆಮೇಲೆ ಯಾರೋ ಒತ್ತಿದ್ದಲ್ಲ ಎಂದು ಖಾತ್ರಿಯಾದ ಮೇಲೇ ಹಾಲು ಒಲೆಗೇರುತ್ತದೆ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಬೀಗವನ್ನು ಎಳೆದು ನೋಡುತ್ತಾಳೆ.

"ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಆಯ್ತು, ಇನ್ನೂ ನನ್ನನ್ನ ಪರೀಕ್ಷೆಗೆ ಕೂರಿಸ್ಕೊಂಡೇ ಇದಾಳೆ" ಎಂದು ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾನೆ.

"ಫಲಿತಾಂಶ ಬಂದಾಗ ಹೇಳ್ತೀನಿ, ಸುಮ್ಮನಿರಿ" ಎನ್ನುತ್ತಾಳೆ ಅವಳು.

ಮನೆಯವರ ತಲೆ ತಿನ್ನುವ ಈ ಗುಣಕ್ಕೆ ಹೊರಗೆ ಒಂದು ಕುರ್ಚಿ ಸಿಕ್ಕಿದೆ. ಸಮುದ್ರ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿದ ಮೇಜು. ಅದರ ಮೇಲೊಂದು ಸೂಕ್ಷ್ಮದರ್ಶಕ. ಹಡಗಿನವರು ಬಿಸಿ ಪ್ರದೇಶದ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಪದರ ಕದಡದ ಹಾಗೆ ಕೆಸರು ತುಂಬಿಸಿ ತರುತ್ತಾರೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಅದನ್ನು ಸೆಂಟಿಮೀಟರ್ ಸೆಂಟಿಮೀಟರಾಗಿ ಕತ್ತರಿಸಿ, ಜರಡಿಯಲ್ಲಿ ತೊಳೆದು ಒಣಗಿಸಿದರೆ ಸಕ್ಕರೆ ಹರಳಿಗಿಂತ ಸಣ್ಣ ಚಿಪ್ಪುಗಳು ಉಳಿಯುತ್ತವೆ. ಒಂದಾನೊಂದು ಕಾಲದಲ್ಲಿ ನೀರಿನ ಮೇಲ್ಭಾಗದಲ್ಲಿ ತೇಲುತ್ತಿದ್ದ ಜೀವಿಗಳ ಮನೆಗಳು ಅವು. ಚಿಪ್ಪು ಬೆಳೆಯುವಾಗ ನೀರು ಎಷ್ಟು ಬೆಚ್ಚಗಿತ್ತೋ ಅದಕ್ಕೆ ತಕ್ಕಷ್ಟು ಮೆಗ್ನೀಸಿಯಂ ಅದರ ಸುಣ್ಣದೊಳಗೆ ಸೇರಿರುತ್ತದೆ. ಕೆಳಗಿನ ಮಹಡಿಯ ಯಂತ್ರ ಅದನ್ನು ಅಳೆದು, ಇಷ್ಟು ಸಾವಿರ ವರ್ಷಗಳ ಹಿಂದೆ ಸಮುದ್ರ ಇಷ್ಟು ಬೆಚ್ಚಗಿತ್ತು ಎಂದು ಹೇಳುತ್ತದೆ. ಯಂತ್ರಕ್ಕೆ ಒಂದೇ ಜಾತಿಯ ಚಿಪ್ಪು ಬೇಕು. ನಾಲ್ಕೇ ಕೂದಲಿನ ಒದ್ದೆ ಕುಂಚದ ತುದಿಯಲ್ಲಿ ಅವನ್ನು ಒಂದೊಂದಾಗಿ ಎತ್ತಿ ಕೊಡುವುದು ಚಿಪ್ಪಕ್ಕನ ಕೆಲಸ. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡಿ, ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ.

ಆ ಬುಧವಾರ ಅವಳ ತಟ್ಟೆಯಲ್ಲಿದ್ದದ್ದು ಅರವತ್ತೆರಡನೇ ಸೆಂಟಿಮೀಟರಿನ ಕೆಸರು. ಇಪ್ಪತ್ತು ಸಾವಿರ ವರ್ಷ ಹಿಂದಿನದು, ಭೂಮಿ ಚಳಿಯಲ್ಲಿ ಮುದುಡಿ ಕೂತಿದ್ದ ಕಾಲದ್ದು. ಆದರೆ ಹಿಂದಿನ ಅಳತೆಯಲ್ಲಿ ಈ ಪದರ ಇದ್ದಕ್ಕಿದ್ದಂತೆ ಬೆಚ್ಚಗಿನ ಸಮುದ್ರವನ್ನು ತೋರಿಸಿತ್ತು. ಪ್ರಯೋಗಾಲಯ ನಡೆಸುವ ಡಾಕ್ಟರಮ್ಮ ನಕ್ಷೆಯಲ್ಲಿ ಗೆರೆ ಮೇಲೆದ್ದ ಆ ಏರನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದಳು. ಕಾಯಿಲೆ ನೋಡುವ ಡಾಕ್ಟರಲ್ಲ ಅವಳು, ಓದಿ ಡಾಕ್ಟರಾದವಳು. ಚಿಪ್ಪಕ್ಕನ ಮಗಳಿಗಿಂತ ಐದಾರು ವರ್ಷ ದೊಡ್ಡವಳು ಅಷ್ಟೆ. ಅವಳ ಪ್ರಬಂಧ ವಿಜ್ಞಾನ ಪತ್ರಿಕೆಯವರ ಕೈಯಲ್ಲಿತ್ತು. ಒಮ್ಮೆ ಮತ್ತೆ ಅಳೆದು ಕಳಿಸಿ ಎಂದು ಅವರು ಕೇಳಿದ್ದರು.

ನಲವತ್ತೊಂದನೇ ಚಿಪ್ಪು ಎತ್ತುವ ಹೊತ್ತಿಗೆ ಕುಂಚ ನಿಂತಿತು. ಬಿಳಿಯ ನಡುವೆ ಒಂದು ಗುಲಾಬಿ. ತಟ್ಟೆಯನ್ನು ಪೂರ್ತಿ ಜಾಲಾಡಿದಳು. ಒಟ್ಟು ಮೂರು. ಹಿಂದಿನ ಸಲ ಅಳೆಯಲು ತೊಳೆದ ಚಿಟಿಕೆ ಕೆಸರಿನಲ್ಲಿ ಒಂದೂ ಕಂಡಿರಲಿಲ್ಲ.

ಚಿಪ್ಪಕ್ಕನ ಬೆನ್ನು ನೆಟ್ಟಗಾಯಿತು. ಈ ಸಮುದ್ರದಿಂದ ಈ ಜಾತಿಯ ಗುಲಾಬಿ ಬಣ್ಣದವು ಮಾಯವಾಗಿ ಒಂದು ಲಕ್ಷದ ಇಪ್ಪತ್ತು ಸಾವಿರ ವರ್ಷವಾಗಿದೆ. ಇಪ್ಪತ್ತು ಸಾವಿರ ವರ್ಷದ ಕೆಸರಿಗೆ ಇವು ಯಾವ ಬಾಗಿಲಿಂದ ಬಂದವು? ಬೆನ್ನಿಗೇ ಇನ್ನೂ ಕೆಟ್ಟ ಅನುಮಾನ. ಗುಲಾಬಿಗೆ ಬಣ್ಣವಿತ್ತು, ಸಿಕ್ಕಿಬಿತ್ತು. ಇವುಗಳ ಜೊತೆ ಬಂದ ಅದೇ ಕಾಲದ ಬಿಳಿಯವು ಎಷ್ಟಿವೆಯೋ? ಅವನ್ನು ಗುರುತು ಹಿಡಿಯುವುದಾದರೂ ಹೇಗೆ? ಆ ಹಳೆಯ ಕಾಲ ಬೆಚ್ಚಗಿನ ಕಾಲ. ಗೋಡೆಯ ಮೇಲಿನ ಏರು ಸಮುದ್ರದ್ದೋ, ಒಳಗೆ ನುಸುಳಿದ ಈ ಕಳ್ಳರದೋ?

ಕುಂಚವನ್ನು ಪಕ್ಕಕ್ಕೆ ಒರೆಸಿದರೆ ಮೂರೂ ಇಲ್ಲವಾಗುತ್ತಿದ್ದವು. ಯಾರೂ ಕೇಳುತ್ತಿರಲಿಲ್ಲ. ಹೇಳಿದರೆ ಮೊದಲ ಬೆರಳು ತನ್ನ ಕಡೆಗೇ ತಿರುಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಆ ಕುರ್ಚಿಯೂ ವರ್ಷ ವರ್ಷ ಡಾಕ್ಟರಮ್ಮನ ಸಹಿ ಬಿದ್ದರಷ್ಟೇ ಅವಳದು.

"ಡಾಕ್ಟರಮ್ಮ, ಒಂಚೂರು ಇಲ್ಲಿ ಬನ್ನಿ."

ಡಾಕ್ಟರಮ್ಮ ಬಗ್ಗಿ ತುಂಬಾ ಹೊತ್ತು ನೋಡಿದಳು. "ಹೋದ ವಾರ ಕೊಳವೆಯ ತಳದ ಸ್ಯಾಂಪಲ್ ತೊಳೆದ್ರಲ್ಲ, ಅದೇ ಜರಡಿ ತಾನೆ?"

"ಅದೇ. ಆದ್ರೆ ಪ್ರತಿ ಸಲ ತೊಳೆದ ಮೇಲೆ ಜರಡಿನ ನೀಲಿ ಬಣ್ಣದ ನೀರಲ್ಲಿ ಅದ್ದೇ ಅದ್ದುತೀನಿ. ಹಿಂದಿನದು ಒಂದು ಸಿಕ್ಕೊಂಡಿದ್ರೂ ನೀಲಿಯಾಗಿ ಕಾಣ್ಬೇಕಿತ್ತು. ಎಲ್ಲಿದೆ ನೀಲಿ, ತೋರಿಸಿ."

"ಜರಡಿ ಅಲ್ಲದಿದ್ರೆ ಮೇಜು. ಸೋಮವಾರ ನಿಮಗೆ ಫೋನ್ ಬಂತು. ಇದೂ ಆ ತಳದ್ದೂ ಎರಡು ತಟ್ಟೆ ತೆರೆದಿಟ್ಟೇ ಎದ್ದು ಹೋದ್ರಿ. ನಾನು ನೋಡ್ದೆ."

ಚಿಪ್ಪಕ್ಕ ಕುಂಚವನ್ನು ತಟ್ಟೆಯ ಪಕ್ಕಕ್ಕಿಟ್ಟಳು.

"ಗುಲಾಬಿ ಬದಿಗಿಡಿ, ಬಿಳಿ ಅರವತ್ತು ಎಣಿಸಿ ಕೊಡಿ. ಈ ಕೊಳವೆ ಮುಗಿದ ಮೇಲೆ ಆರಿಸೋ ಕೆಲಸ ಹೊರಗಡೆ ಕೊಡೋಣ ಅಂತಿದೀನಿ. ತಪ್ಪು ತಿಳ್ಕೋಬೇಡಿ ಅಕ್ಕ. ವಯಸ್ಸಾದ ಹಾಗೆ ಎಲ್ಲರಿಗೂ ಗಮನ ಸ್ವಲ್ಪ..."

ಮಾತು ಪೂರ್ತಿಯಾಗಲಿಲ್ಲ. ಪೂರ್ತಿ ಮಾಡಿದ್ದರೇ ವಾಸಿಯಿತ್ತು.

ಸಂಜೆ ಒಗೆದ ಬಟ್ಟೆ ಮಡಚುತ್ತಾ ಚಿಪ್ಪಕ್ಕ ಗಂಡನ ಮುಂದೆ ಒಬ್ಬೊಬ್ಬರನ್ನೇ ಕಟಕಟೆಗೆ ಹತ್ತಿಸಿದಳು. ಶೀತಕೋಣೆಯಲ್ಲಿ ಕೊಳವೆ ಕಾಯುವ ಸ್ವೆಟರಣ್ಣ ಚೀಟಿ ಅದಲುಬದಲು ಮಾಡಿರಬಹುದು. ಹಡಗಿನವರು ತುಂಡು ಜೋಡಿಸುವಾಗ ಎಡವಿರಬಹುದು. ಡಾಕ್ಟರಮ್ಮನಿಗೆ ನಿಜ ಬೇಕಾಗಿಯೇ ಇಲ್ಲದಿರಬಹುದು, ತನ್ನ ಏರು ಉಳಿದರೆ ಸಾಕಾಗಿರಬಹುದು.

"ನಿನ್ನ ಪಟ್ಟೀಲಿ ನಾನೂ ಇದೀನಾ?" ಎಂದ ಗಂಡ.

"ನೀವು ಆ ಕಟ್ಟಡದ ಒಳಗೇ ಬಂದಿಲ್ಲ."

"ಅಬ್ಬ! ಜನ್ಮದಲ್ಲಿ ಮೊದಲನೇ ಸಲ ಪಾರಾದೆ."

ಅವಳು ನಗಲಿಲ್ಲ. ಮಡಚಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. "ನಾನೇ ಇರಬಹುದು ಕಣ್ರೀ. ಸೋಮವಾರ ಮಗಳು ಫೋನ್ ಮಾಡಿದ್ಲು. ಪಾಪು ಬೆಳಗ್ಗೆಯಿಂದ ಹಾಲೇ ಕುಡೀತಿಲ್ಲ ಅಮ್ಮ ಅಂತ ಅಳ್ತಿದ್ಲು. ಹೊರಗೆ ಹೋಗಿ ಸಮಾಧಾನ ಹೇಳ್ದೆ. ಮಗೂನ ಹೀಗೆ ಎತ್ಕೋ, ಮೂಗು ಕಟ್ಟಿದ್ಯಾ ನೋಡು, ಮೊದಲು ನೀನು ಏನಾದ್ರೂ ತಿನ್ನು ಅಂತ. ಬಂದು ಕೂತಾಗ ಕುಂಚ ಯಾವ ತಟ್ಟೇಲಿತ್ತು? ಎಷ್ಟು ಯೋಚಿಸಿದ್ರೂ ನೆನಪಿಗೇ ಬರ್ತಿಲ್ಲ."

ಗಂಡ ಗಲ್ಲ ಕೆರೆದುಕೊಂಡ. "ಲಿಫ್ಟ್ ನಿಂತ್ರೆ ಯಾರು ಗುಂಡಿ ಒತ್ತಿದ್ದು ಅಂತ ನಾವು ಕೇಳಲ್ಲ. ಎಲ್ಲರೂ ನಾನಲ್ಲ ಅಂತಾರೆ. ಪಕ್ಕದ ಲಿಫ್ಟೂ ಅಲ್ಲೇ ನಿಲ್ಲುತ್ತಾ ಅಂತ ನೋಡ್ತೀವಿ. ನಿಮ್ಮ ಕೊಳವೆಗೆ ಪಕ್ಕದ್ದು ಅಂತ ಇನ್ನೊಂದಿಲ್ವಾ?"

ಇತ್ತು. ಕೊಳವೆಯನ್ನು ಉದ್ದಕ್ಕೆ ಸೀಳಿದಾಗ ಒಂದರ್ಧ ಕೆಲಸಕ್ಕೆ ಬರುತ್ತದೆ. ಇನ್ನರ್ಧವನ್ನು ಯಾರೂ ಮುಟ್ಟದಂತೆ ಕಾಪಿಡುತ್ತಾರೆ.

ಮರುದಿನ ಡಾಕ್ಟರಮ್ಮ ಕೈಚೀಲ ಕೆಳಗಿಡುವ ಮೊದಲೇ ಚಿಪ್ಪಕ್ಕ ಎದುರು ನಿಂತಿದ್ದಳು. "ಸೋಮವಾರದ್ದು ನನಗೆ ನೆನಪಿಲ್ಲ. ಕಲಸಿಲ್ಲ ಅಂತ ಆಣೆ ಮಾಡಲ್ಲ. ಕಾಪಿಟ್ಟ ಅರ್ಧದಿಂದ ಅದೇ ಸೆಂಟಿಮೀಟರ್ ತೆಗೆಸಿ. ನಾನು ಬೆರಳೂ ತಾಗಿಸಲ್ಲ. ನೀವೇ ತೊಳೀರಿ, ನೀವೇ ಆರಿಸಿ."

"ಅಷ್ಟೆಲ್ಲ ಬೇಕಾ ಅಕ್ಕ?"

"ಬಿಳಿ ಅರವತ್ತು ಕೊಡಿ ಅಂದ್ರಲ್ಲ. ಅದರಲ್ಲಿ ಲಕ್ಷ ವರ್ಷದ ಮುದುಕರು ಎಷ್ಟು ಜನ ಅಂತ ನಿಮಗೆ ಗೊತ್ತಾ? ನನಗೆ ಗೊತ್ತಿಲ್ಲ. ಅವೇನು ಬಾಯಿ ಬಿಡ್ತಾವಾ?"

ಡಾಕ್ಟರಮ್ಮನ ಕಣ್ಣು ಗೋಡೆಯ ಕಡೆ ಹೋಗಿ ಬಂತು. ಕೈಚೀಲ ಕೆಳಗಿಟ್ಟು ಅನುಮತಿ ಪತ್ರ ಬರೆದಳು.

ವರ್ಷವಿಡೀ ಮೈಮೇಲೆ ಕಂದು ಸ್ವೆಟರಿರುವ ಸ್ವೆಟರಣ್ಣ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದ. "ಈ ಅರ್ಧ ಬಂದು ಆರು ವರ್ಷ ಆಯ್ತು, ಇದರ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಯಾರ ಮೇಲೆ ಅನುಮಾನ ನಿಮಗೆ?"

"ನಿನ್ನ ಮೇಲೂ ಇದೆ" ಎಂದಳು ಚಿಪ್ಪಕ್ಕ.

"ಹಾಗಾದ್ರೆ ಸರಿ. ನನ್ನನ್ನ ಬಿಟ್ಟಿದ್ರೆ ಬೇಜಾರಾಗ್ತಿತ್ತು."

ಬೂದು ಕೆಸರಿನಲ್ಲಿ ಕಣ್ಣಿಗೆ ಕಾಣುವ ಗೆರೆಯಾಗಲಿ ಬಣ್ಣದ ವ್ಯತ್ಯಾಸವಾಗಲಿ ಇರಲಿಲ್ಲ. ಡಾಕ್ಟರಮ್ಮನೇ ಕತ್ತರಿಸಿದಳು, ಹೊಸ ಜರಡಿಯಲ್ಲಿ ತೊಳೆದಳು, ಓವನ್ನಿನಲ್ಲಿ ಒಣಗಲು ಇಟ್ಟಳು.

ಶುಕ್ರವಾರ ಬೆಳಗ್ಗೆ ಚಿಪ್ಪಕ್ಕನ ಕುರ್ಚಿಯಲ್ಲಿ ಡಾಕ್ಟರಮ್ಮ ಕೂತಳು. ಚಿಪ್ಪಕ್ಕ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೈಕಟ್ಟಿ ಕೂತಳು. ಗಂಟೆ ಹತ್ತಾಯಿತು, ಹತ್ತೂವರೆಯಾಯಿತು. ಡಾಕ್ಟರಮ್ಮನಿಗೆ ಅಭ್ಯಾಸ ತಪ್ಪಿತ್ತು, ಕುಂಚ ನಿಧಾನಕ್ಕೆ ಓಡಾಡುತ್ತಿತ್ತು. ಒಮ್ಮೆ ಅದು ತಟ್ಟೆಯಿಂದ ಮೇಲೆದ್ದು ಅಂಚಿನಲ್ಲಿದ್ದ ಒರೆಸುವ ಕಾಗದದ ಕಡೆ ಹೋಯಿತು, ನಿಂತಿತು, ವಾಪಸು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಚಿಪ್ಪಕ್ಕ ಸ್ಟೂಲಿನ ಅಂಚಿಗೆ ಸರಿದಳು. ಏನನ್ನೋ ಒರೆಸಿಬಿಟ್ಟಳೇ? ಎದ್ದು ಹೋಗಿ ನೋಡೋಣವೆಂದರೆ, ಬೆರಳೂ ತಾಗಿಸಲ್ಲ ಎಂದು ಮಾತು ಕೊಟ್ಟಾಗಿತ್ತು.

"ಐದು" ಎಂದಳು ಡಾಕ್ಟರಮ್ಮ, ತಲೆಯೆತ್ತದೆ.

"ಏನು ಐದು?"

"ಗುಲಾಬಿ. ನೀವು ಕಲಸಿಲ್ಲ ಅಕ್ಕ. ಯಾರೂ ಕಲಸಿಲ್ಲ. ತುಂಡೋ ಚೀಟಿಯೋ ಅದಲುಬದಲಾಗಿದ್ರೆ ಐದೇ ಇರ್ತಿರಲಿಲ್ಲ, ರಾಶಿ ಗುಲಾಬಿ ಇರ್ತಿತ್ತು. ಪಕ್ಕದ ಇಳಿಜಾರಿಂದ ಹಳೇ ಕೆಸರು ಜಾರಿ ಬಂದು ಈ ಪದರದಲ್ಲಿ ಸೇರಿದೆ. ಸಮುದ್ರನೇ ಮಾಡಿದ ಕೆಲಸ." ಕಣ್ಣುಜ್ಜಿಕೊಂಡಳು. "ನನ್ನ ಏರು ಹೋಯ್ತು."

ಎರಡು ದಿನದಿಂದ ಗೆದ್ದ ಮೇಲೆ ಹೇಳಬೇಕೆಂದು ಚಿಪ್ಪಕ್ಕ ಒಂದೆರಡು ಖಾರದ ಮಾತು ಕೂಡಿಟ್ಟುಕೊಂಡಿದ್ದಳು. ಬೆನ್ನು ಬಗ್ಗಿಸಿ ಕೂತಿದ್ದ ಹುಡುಗಿಯನ್ನು ನೋಡಿ ಅವು ನಾಲಿಗೆಗೆ ಬರಲಿಲ್ಲ. "ತಿಂಡಿ ತಿಂದಿದೀರಾ?" ಎಂದಷ್ಟೇ ಕೇಳಿದಳು.

ಮಧ್ಯಾಹ್ನ ಡಾಕ್ಟರಮ್ಮ ಪತ್ರಿಕೆಯವರಿಗೆ ಪ್ರಬಂಧ ಹಿಂದಕ್ಕೆ ಕೊಡಿ ಎಂದು ಬರೆದಳು. ಕೆಲಸವನ್ನು ಹೊರಗೆ ಕೊಡುವ ಮಾತು ಮತ್ತೆ ಎತ್ತಲಿಲ್ಲ. ಅದರ ಬದಲು ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು: ಇನ್ನು ಮುಂದೆ ಪ್ರತಿ ತಟ್ಟೆಯನ್ನೂ ಇಬ್ಬರು ನೋಡಬೇಕು, ಇಬ್ಬರ ಸಹಿ ಇರಬೇಕು.

ಚಿಪ್ಪಕ್ಕ ಅದನ್ನು ಎರಡು ಸಲ ಓದಿದಳು. "ಇದು ನನ್ನ ಮೇಲೆ ಕಾವಲಾ?"

"ನನ್ನ ಮೇಲೆ. ಬೆಳಗ್ಗೆ ಕುಂಚ ಕಾಗದದ ಹತ್ರ ಹೋಗಿದ್ದು ನೀವು ನೋಡಿದ್ರಿ."

"ನೋಡ್ದೆ."

"ನೀವು ಅಲ್ಲಿ ಕೂತಿರದಿದ್ರೆ ವಾಪಸ್ ಬರ್ತಿತ್ತೋ ಇಲ್ವೋ, ನನಗೆ ಗೊತ್ತಿಲ್ಲ."

ಚಿಪ್ಪಕ್ಕ ಹಾಳೆಯನ್ನು ಕೈಗೆತ್ತಿಕೊಂಡಳು. ಅದರ ಹಿಂಬದಿಯಲ್ಲೂ ಏನಾದರೂ ಬರೆದಿದೆಯೋ ಎಂದು ತಿರುಗಿಸಿದಳು. ಖಾಲಿಯಿತ್ತು. ಸಹಿ ಹಾಕಿ, ಸ್ಟೂಲನ್ನು ಎಳೆದು ತನ್ನ ಕುರ್ಚಿಯ ಪಕ್ಕ ಇಟ್ಟಳು.

"ಕೂತ್ಕೊಳ್ಳಿ ಮತ್ತೆ. ಜಾರಿ ಬಂದದ್ದು ಎಲ್ಲಿಂದ ಎಲ್ಲೀವರೆಗೆ ಇದೆಯೋ ಹುಡುಕ್ಬೇಕು. ಮೊದಲು ಅರವತ್ತಮೂರು."